ಹುಟ್ಟಿದ ತಾರೀಖು ತಾಳೆಯಾಗದವರು

ಮೈಸೂರಿನ ಸರಸ್ವತಿಪುರಂನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಟೈಪಿಂಗ್, ಲ್ಯಾಮಿನೇಷನ್, ಬಾಡಿಗೆ ಕರಾರು ಪತ್ರ, ಆನ್‌ಲೈನ್ ಅರ್ಜಿ ತುಂಬಿಕೊಡುವುದು. ಇಪ್ಪತ್ತೊಂದು ವರ್ಷದಿಂದ ಇದೇ ಕೆಲಸ. ಮಾನಸಗಂಗೋತ್ರಿ ಹತ್ತಿರವಿರುವುದರಿಂದ ಹೊರದೇಶದ ವಿದ್ಯಾರ್ಥಿಗಳೂ ಬರುತ್ತಾರೆ.

2021ರ ಆಗಸ್ಟ್ 15ರಂದು ಕಾಬೂಲ್ ತಾಲಿಬಾನ್ ಕೈಗೆ ಹೋಯಿತು. ಮಾರನೇ ದಿನ ನಾನು ಬರುವಷ್ಟರಲ್ಲಿ ಎಂ.ಕಾಂ. ಓದುತ್ತಿದ್ದ ಒಬ್ಬ ಅಫ್ಘನ್ ಹುಡುಗ ಅಂಗಡಿ ಮೆಟ್ಟಿಲ ಮೇಲೆ ಕೂತಿದ್ದ. ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ ಅನ್ನುವುದು ಕಣ್ಣಲ್ಲೇ ಕಾಣುತ್ತಿತ್ತು. 'ಅಕ್ಕ, ವೀಸಾ ಮುಂದಕ್ಕೆ ಹಾಕಿಸಬೇಕು. ವಾಪಸ್ ಹೋಗೋಕೆ ಆಗಲ್ಲ' ಅಂದ. ಅವನ ಅಪ್ಪ ಹಿಂದಿನ ಸರ್ಕಾರದಲ್ಲಿ ನೌಕರರಾಗಿದ್ದವರು. ಅದಕ್ಕಿಂತ ಹೆಚ್ಚು ನಾನು ಕೇಳಲಿಲ್ಲ.

ಅರ್ಜಿ ಹಾಕಿದೆವು. ಕೆಲವು ದಿನಕ್ಕೆ ಆಕ್ಷೇಪಣೆ ಬಂತು: ಜನ್ಮ ದಿನಾಂಕ ತಾಳೆಯಾಗುತ್ತಿಲ್ಲ. ಪಾಸ್‌ಪೋರ್ಟಿನಲ್ಲಿ 1999, ಶಾಲೆಯ ಪ್ರಮಾಣಪತ್ರದಲ್ಲಿ 2000. ವಿಚಾರಿಸಲೆಂದು ಅವನು ಒಂದು ಕಚೇರಿಗೆ ಹೋದ. ಅಲ್ಲಿ ಸಾಲಿನಲ್ಲಿದ್ದವರೆಲ್ಲರ ಎದುರು 'ಸುಳ್ಳು ದಾಖಲೆ ತಂದಿದ್ದೀಯ' ಅನ್ನಿಸಿಕೊಂಡು ಬಂದ. ಅಂಗಡಿಯಲ್ಲಿ ಕೂತು ಒಂದು ಲೋಟ ನೀರು ಕುಡಿಯುವುದಕ್ಕೆ ಕಾಲು ಗಂಟೆ ತೆಗೆದುಕೊಂಡ.

ಆಮೇಲೆ ಅವನ ತಜ್ಕಿರಾ ನೋಡಿದೆ. ಅಲ್ಲಿನ ಗುರುತಿನ ಚೀಟಿ ಅದು. ಹಳೆಯ ಕಾಗದದ್ದು, ಮಡಿಕೆಯಲ್ಲಿ ಹರಿದು ಟೇಪ್ ಅಂಟಿಸಿದ್ದು. ಅದರಲ್ಲಿ ಹುಟ್ಟಿದ ತಾರೀಖೇ ಇಲ್ಲ! '1390ರಲ್ಲಿ 12 ವರ್ಷ' ಎಂದಷ್ಟೇ ಬರೆದಿದೆ ಎಂದು ಅವನು ಓದಿ ಹೇಳಿದ. ಅವರ ಪಂಚಾಂಗವೇ ಬೇರೆ. ನಮ್ಮ ಯುಗಾದಿ ಆಸುಪಾಸಿನಲ್ಲೇ, ಮಾರ್ಚ್ 20-21ಕ್ಕೆ ಅವರಿಗೆ ಹೊಸ ವರ್ಷ. ಲೆಕ್ಕ ಹಾಕಿದರೆ ಅವನು ಹುಟ್ಟಿದ್ದು 1378ರಲ್ಲಿ. ಅಂದರೆ 1999ರ ಮಾರ್ಚಿನಿಂದ 2000ದ ಮಾರ್ಚ್ ಒಳಗೆ ಯಾವತ್ತೋ. ಒಬ್ಬ ಗುಮಾಸ್ತ 1999 ಅಂದ, ಇನ್ನೊಬ್ಬ 2000 ಅಂದ. ಇಬ್ಬರದೂ ತಪ್ಪಲ್ಲ. ಹುಡುಗನದಂತೂ ಅಲ್ಲವೇ ಅಲ್ಲ.

ನನಗೆ ಇದು ಹೊಸದೇನಲ್ಲ. ನಮ್ಮಜ್ಜಿ ಮಂಡ್ಯ ಕಡೆಯವರು. ಯಾವಾಗ ಹುಟ್ಟಿದ್ದು ಅಂತ ಕೇಳಿದರೆ 'ಕನ್ನಂಬಾಡಿ ಕಟ್ಟೆ ಕಟ್ತಿದ್ರಲ್ಲ, ಆಗ' ಅನ್ನುತ್ತಿದ್ದರು. ಆಧಾರ್‌ನಲ್ಲಿ ಅವರಿಗೆ ಜನವರಿ 1 ಬಂತು. ನನ್ನ ಅಂಗಡಿಗೆ ಬರುವ ವಯಸ್ಸಾದವರಲ್ಲಿ ಎಷ್ಟು ಜನ ಜನವರಿ 1ರಂದೋ ಜೂನ್ 1ರಂದೋ ಹುಟ್ಟಿದ್ದಾರೆಂದು ಲೆಕ್ಕವಿಟ್ಟಿಲ್ಲ. ಅವರನ್ನು ಯಾರೂ ಸುಳ್ಳುಗಾರರು ಅನ್ನುವುದಿಲ್ಲ. ಮೇಷ್ಟರು ಅಡ್ಮಿಷನ್ ದಿನ ಬರೆದುಕೊಂಡಿದ್ದು ಅಂತ ಎಲ್ಲರಿಗೂ ಗೊತ್ತು. ಅದೇ ತಿಳಿವಳಿಕೆಯನ್ನು ಪ್ರಾಣ ಉಳಿಸಿಕೊಳ್ಳಲು ಬಂದವನಿಗೆ ಯಾಕೆ ತೋರಿಸಬಾರದು?

ಓಡಿ ಬಂದವರಿಗೆ ಆಶ್ರಯ ಕೊಡುವುದು ನಮ್ಮ ಜಿಲ್ಲೆಗೆ ಗೊತ್ತಿಲ್ಲದ ವಿಷಯವೂ ಅಲ್ಲ. 1959ರಲ್ಲಿ ದಲೈ ಲಾಮಾ ಟಿಬೆಟ್ ಬಿಟ್ಟು ಬಂದರು. ಅವರ ಹಿಂದೆ ಬಂದ ಸಾವಿರಾರು ಜನರಿಗೆ ಅಂದಿನ ಮೈಸೂರು ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಅವರು ಕಾಡು ಕಡಿದು, ಆನೆ ಕಾಟ ಸಹಿಸಿ, ಮುಸುಕಿನ ಜೋಳ ಬೆಳೆದರು. ನಾವು ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ ಗೋಲ್ಡನ್ ಟೆಂಪಲ್ ಮುಂದೆ ಫೋಟೋ ತೆಗೆಸಿಕೊಳ್ಳುತ್ತೇವೆ. ಇಲ್ಲಿ ಇರಲು ಬೇಕಾದ ನೋಂದಣಿ ಪತ್ರವನ್ನು ಅಲ್ಲಿಯವರು 'ಆರ್‌ಸಿ' ಅನ್ನುತ್ತಾರೆ. ಇಲ್ಲೇ ಹುಟ್ಟಿ ನಮ್ಮಷ್ಟೇ ಚೆನ್ನಾಗಿ ಕನ್ನಡ ಮಾತಾಡುವವರೂ ಅದರ ನವೀಕರಣಕ್ಕೆ ಜೆರಾಕ್ಸ್ ಮಾಡಿಸಲು ಬರುತ್ತಾರೆ.

ಟಿಬೆಟಿನವರಿಗೆ ಒಂದು ನೀತಿ, ಲಂಕೆಯ ತಮಿಳರಿಗೆ ಇನ್ನೊಂದು, ಅಫ್ಘನ್ನರಿಗೆ ಮತ್ತೊಂದು. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ನಮ್ಮಲ್ಲಿ ಕಾನೂನೂ ಇಲ್ಲ. ಹಾಗಾಗಿ ಎಲ್ಲವೂ ಆ ದಿನ ಆ ಮೇಜಿನ ಹಿಂದೆ ಕೂತವರ ಮನಸ್ಸಿನ ಮೇಲೆ. ಆದರೆ ಸಂವಿಧಾನದ 21ನೇ ವಿಧಿ ಜೀವದ ಹಕ್ಕನ್ನು ಪ್ರಜೆಗಳಿಗೆ ಮಾತ್ರ ಅಂತ ಹೇಳಿಲ್ಲ, ಯಾವುದೇ ವ್ಯಕ್ತಿಗೆ ಅಂದಿದೆ. ಪೂರ್ವ ಪಾಕಿಸ್ತಾನದಿಂದ ಬಂದು ಅರುಣಾಚಲದಲ್ಲಿ ನೆಲೆಸಿದ ಚಕ್ಮಾ ಜನರ ಪ್ರಕರಣದಲ್ಲಿ 1996ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿತು. ನಾನು ಕೇಳುವುದು ದೊಡ್ಡದೇನಲ್ಲ. ಅರ್ಜಿ ಇತ್ಯರ್ಥವಾಗುವವರೆಗೆ ಯಾರನ್ನೂ ಅಪಾಯದ ಕಡೆಗೆ ವಾಪಸ್ ಅಟ್ಟಬಾರದು. ಅವರ ಭಾಷೆ ಬಲ್ಲವರೊಬ್ಬರು ಪಕ್ಕದಲ್ಲಿರಬೇಕು. ಕಾಗದದಲ್ಲಿ ವ್ಯತ್ಯಾಸ ಕಂಡರೆ ಬಯ್ಯುವ ಮೊದಲು ಯಾಕೆ ಹೀಗೆ ಅಂತ ಕೇಳಬೇಕು. ಇಷ್ಟನ್ನು ಕಾನೂನಿನಲ್ಲಿ ಬರೆದಿಡಬೇಕು.

ಅಂದು ನಾವಿಬ್ಬರೂ ಕೂತು ಪಂಚಾಂಗದ ಲೆಕ್ಕವನ್ನು ಒಂದು ಪುಟದಲ್ಲಿ ವಿವರಿಸಿ, ನೋಟರಿ ಮಾಡಿಸಿ, ಅರ್ಜಿಯ ಜೊತೆ ಹಾಕಿದೆವು. ವಾರಗಟ್ಟಲೆ ಕಾದ ಮೇಲೆ ವೀಸಾ ಮುಂದುವರಿಯಿತು. ಈಗ ಅವನು ಬೇರೆ ದೇಶದಲ್ಲಿದ್ದಾನೆ, ಅಲ್ಲಿ ಆಶ್ರಯ ಕೋರಿ ಅರ್ಜಿ ಹಾಕಿದ್ದಾನೆ. ಅಲ್ಲಿಯೂ ಅದೇ 1999, ಅದೇ 2000. ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿಯ ಕೈಪಿಡಿಯಲ್ಲಿ ಇಂಥವರಿಗೆ ಸಂಶಯದ ಲಾಭ ಕೊಡಬೇಕು ಎಂದಿದೆ. ಓಡಿ ಬಂದವರ ಕೈಯಲ್ಲಿ ಎಲ್ಲ ದಾಖಲೆ ಇರುವುದಿಲ್ಲ ಎಂದು ಅದನ್ನು ಬರೆದವರಿಗೆ ಗೊತ್ತಿತ್ತು. ಎದುರಿಗೆ ಕೂತು ಪ್ರಶ್ನೆ ಕೇಳುವವರೂ ಅದನ್ನು ನೆನಪಿಟ್ಟುಕೊಂಡರೆ ಸಾಕು.

ಮೊನ್ನೆ ರಾತ್ರಿ ವಾಟ್ಸಾಪ್‌ನಲ್ಲಿ ಕೇಳಿದ: 2021ರಲ್ಲಿ ಮೈಸೂರಿನಲ್ಲೇ ಇದ್ದೆ ಅನ್ನುವುದಕ್ಕೆ ಬಾಡಿಗೆ ಕರಾರು ಬೇಕಂತೆ. ಹಳೇ ಕಂಪ್ಯೂಟರಿನಲ್ಲಿ ಹುಡುಕಿದೆ, ಸ್ಕ್ಯಾನ್ ಪ್ರತಿ ಸಿಕ್ಕಿತು. ಅವನ ಸಹಿ ಚೆನ್ನಾಗಿದೆ, ಮನೆ ಮಾಲೀಕರದು ಮಸುಕು. ಅವರು ಕುಕ್ಕರಹಳ್ಳಿ ಕೆರೆ ಹತ್ತಿರವೇ ಇದ್ದಾರೆ. 'ಅವನು ನಮ್ಮ ಮನೆಯಲ್ಲಿದ್ದ' ಅಂತ ಅವರಿಂದಲೇ ಒಂದು ಪತ್ರ ಬರೆಸಬೇಕು. ಸಂದರ್ಶನ ಮಂಗಳವಾರ. ನಾಳೆ ಬೆಳಿಗ್ಗೆ ಅಂಗಡಿ ತೆಗೆಯುವ ಮುಂಚೆ ಅವರ ಮನೆಗೆ ಹೋಗಿ ಬರುತ್ತೇನೆ.