ಆಸ್ತಿಯ ಅಜ್ಜಿ ಮತ್ತು ಸಿಡಿಯುವ ಬಾಟಲಿಗಳು

ಎರಡು ವರ್ಷದ ಹಿಂದಿನ ಅಕ್ಟೋಬರಿನಲ್ಲಿ ವಾಯವ್ಯ ಇಟಲಿಯ ಪಿಯೆಮೊಂತೆ ಸೀಮೆಯಲ್ಲಿ ಆರು ದಿನ ಇದ್ದೆ. ನಾಲ್ಕು ದಿನ ತೊರಿನೊ ನಗರದ ಮಳೆಗೆ ಹೋಯಿತು. ಒಂದು ಸಂಜೆ ಅಲ್ಲಿಯವರ ಹೆಮ್ಮೆಯ ಬರೋಲೊ ವೈನಿನ ರುಚಿ ನೋಡಿದೆ. ಎಳೆ ಅಡಿಕೆ ಅಗಿದಂತೆ ನಾಲಗೆಯೆಲ್ಲ ಒಗರು. ಹೊಗಳುವವರು ಹೊಗಳಲಿ, ನಾನು ಅಷ್ಟು ದೂರ ಹೋಗಿದ್ದು ಸಿಹಿಗಾಗಿ.

ಐದನೆಯ ದಿನ ರೈಲು ಹತ್ತಿ ಆಸ್ತಿಗೆ ಬಂದೆ. ಹೌದು, ಊರಿನ ಹೆಸರೇ ಆಸ್ತಿ. ಸುತ್ತಲಿನ ಗುಡ್ಡಗಳ ಎಷ್ಟೋ ಮನೆಗಳಲ್ಲಿ ತಾತ ಮುತ್ತಾತಂದಿರಿಂದ ಇಳಿದು ಬಂದಿರುವುದು ಬಿಳಿ ಮೊಸ್ಕಾತೊ ದ್ರಾಕ್ಷಿಯ ತೋಟವೇ ಆದ್ದರಿಂದ ನಮ್ಮ ಕಿವಿಗೆ ಆ ಹೆಸರು ಚೆನ್ನಾಗಿಯೇ ಒಪ್ಪುತ್ತದೆ. ಆ ಹಣ್ಣಿನಿಂದ ಮಾಡುವ, ಸಣ್ಣಗೆ ನೊರೆಯಾಡುವ ಸಿಹಿ ವೈನೇ ಮೊಸ್ಕಾತೊ ದಾಸ್ತಿ.

ಅಲ್ಲಿಂದ ನಾನು ಹೋಗಬೇಕಿದ್ದ ಕನೆಲ್ಲಿ ಊರು ಸುಮಾರು 30 ಕಿಲೋಮೀಟರ್. ಬಸ್ಸಿನ ವೇಳಾಪಟ್ಟಿಯಲ್ಲಿ ನನಗೆ ಬೇಕಾದ ಹೊತ್ತಿನ ಎದುರಿಗೆ ‘ಫೆರಿಯಾಲೆ’ ಎಂದಿತ್ತು. ಇಟಾಲಿಯನ್ನಿನಲ್ಲಿ ‘ಫೆರಿಯೆ’ ಎಂದರೆ ರಜೆ ಎಂದು ಎಲ್ಲೋ ಓದಿದ್ದೆ. ಅಂದು ಭಾನುವಾರ, ಆದ್ದರಿಂದ ಬಸ್ಸು ಬಂದೇ ಬರುತ್ತದೆ ಎಂದು ಒಂದೂವರೆ ಗಂಟೆ ನಿಂತೆ. ‘ಫೆರಿಯಾಲೆ’ ಎಂದರೆ ಕೆಲಸದ ದಿನ! ಭಾನುವಾರಕ್ಕೂ ಹಬ್ಬಕ್ಕೂ ‘ಫೆಸ್ತಿವೊ’ ಎಂದು ಬೇರೆ ಪದವಿದೆ. ಇಟಲಿಗೆ ಹೋಗುವವರು ಬೇರೇನು ಕಲಿಯದಿದ್ದರೂ ಈ ಎರಡು ಪದಗಳನ್ನು ಅಂಗೈ ಮೇಲೆ ಬರೆದುಕೊಂಡು ಹೋಗಿ. ಕೊನೆಗೆ ಟ್ಯಾಕ್ಸಿಗೆ ಕೊಟ್ಟ ದುಡ್ಡು ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕನೆಲ್ಲಿಯಲ್ಲಿ ಎಲ್ಲರೂ ನೋಡುವುದು ‘ಭೂಗತ ಕತೀಡ್ರಲ್’ಗಳನ್ನು. ಗುಡ್ಡದ ಮೆದುಕಲ್ಲನ್ನು ಕೊರೆದು ಮಾಡಿದ, ಇಟ್ಟಿಗೆ ಕಮಾನುಗಳ, ವೈನ್ ಇಡುವ ಉದ್ದುದ್ದ ನೆಲಮಾಳಿಗೆಗಳು ಅವು. 1865ರಲ್ಲಿ ಕಾರ್ಲೊ ಗಾಂಚಾ ಬಾಟಲಿಯೊಳಗೇ ಹುದುಗಿಸಿ ನೊರೆ ಬರಿಸುವ ಫ್ರಾನ್ಸಿನ ಶಾಂಪೇನ್ ಕ್ರಮವನ್ನು ಮೊಸ್ಕಾತೊ ದ್ರಾಕ್ಷಿಗೆ ಹೊಂದಿಸಿ ನೊರೆಯ ವೈನ್ ಮಾಡಿದ್ದು ಈ ಊರಿನಲ್ಲಿ. ಈ ನೆಲಮಾಳಿಗೆಗಳು 2014ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೂ ಸೇರಿವೆ. ಭವ್ಯವಾಗಿವೆ, ಇಲ್ಲವೆನ್ನುವುದಿಲ್ಲ. ಆದರೆ ಬಣ್ಣದ ದೀಪ ಬಿಟ್ಟು ತೋರಿಸುವ ಗುಹೆಯಲ್ಲಿ ನನಗೆ ಬೇಗ ಚಳಿಯಾಗುತ್ತದೆ.

ಮಧ್ಯಾಹ್ನ ಊರಾಚೆಯ ಗುಡ್ಡದ ಒಂದು ಮನೆಗೆ ಹೋದೆ. ಹತ್ತಿಪ್ಪತ್ತು ಎಕರೆ ತೋಟದ ಕುಟುಂಬ. ಹಿಂದೆ ಹಣ್ಣನ್ನೆಲ್ಲ ಕನೆಲ್ಲಿಯ ದೊಡ್ಡ ಕಂಪನಿಗಳಿಗೆ ಮಾರುತ್ತಿದ್ದರಂತೆ. ಈಗ ತಮ್ಮದೇ ಹೆಸರಿನಲ್ಲಿ ಬಾಟಲಿ ತುಂಬುತ್ತಾರೆ. ಕೊಯ್ಲು ಮುಗಿದು ಎಲೆ ಹಳದಿಯಾಗುತ್ತಿತ್ತು. ಮಗ ಉಕ್ಕಿನ ತೊಟ್ಟಿಗಳನ್ನು ತೋರಿಸಿದ. ಹಿಂಡಿದ ರಸವನ್ನು ಹೆಚ್ಚುಕಡಿಮೆ ಸೊನ್ನೆ ಡಿಗ್ರಿಯಲ್ಲಿ ನಿದ್ದೆ ಮಾಡಿಸಿ, ಬೇಕಾದಾಗ ಬೆಚ್ಚಗೆ ಮಾಡಿ ಮುಚ್ಚಿದ ತೊಟ್ಟಿಯಲ್ಲಿ ಹುದುಗಿಸುತ್ತಾರೆ. ಮದ್ಯಸಾರ ಶೇಕಡಾ 5ರ ಆಸುಪಾಸಿಗೆ ಬಂದೊಡನೆ ಮತ್ತೆ ತಣ್ಣಗೆ ಮಾಡಿ ಯೀಸ್ಟನ್ನು ಸೋಸಿಬಿಡುತ್ತಾರೆ. ಯೀಸ್ಟ್ ತಿನ್ನದೆ ಬಿಟ್ಟ ಸಕ್ಕರೆ ಲೀಟರಿಗೆ 100 ಗ್ರಾಂಗೂ ಹೆಚ್ಚು ಉಳಿಯುತ್ತದೆ. ಮುಚ್ಚಿದ ತೊಟ್ಟಿಯ ಈ ಉಪಾಯಕ್ಕೆ 1895ರಲ್ಲಿ ಪೇಟೆಂಟ್ ಪಡೆದವನು ಆಸ್ತಿಯಲ್ಲೇ ಕೆಲಸ ಮಾಡುತ್ತಿದ್ದ ಫೆದೆರಿಕೊ ಮಾರ್ತಿನೊತ್ತಿ.

ಅಷ್ಟರಲ್ಲಿ ಅಡುಗೆಮನೆಯಿಂದ ಎಂಬತ್ತು ದಾಟಿದ ಅಜ್ಜಿ ಬಂದು ಕುಳಿತರು. ಪ್ರವಾಸ ಅಲ್ಲಿಗೆ ನಿಂತಿತು. ಮೊಮ್ಮಗಳು ಇಂಗ್ಲಿಷಿಗೆ ತಿರುಗಿಸುತ್ತಿದ್ದಳು.

“ತೊಟ್ಟಿ ಬರುವ ಮೊದಲು?” ಎಂದು ಕೇಳಿದೆ.

“ಚೀಲ” ಎಂದರು ಅಜ್ಜಿ. ಉದ್ದನೆಯ ಬಟ್ಟೆಯ ಚೀಲಗಳನ್ನು ಸಾಲಾಗಿ ತೂಗುಹಾಕಿ ರಸ ಸುರಿಯುತ್ತಿದ್ದರಂತೆ. ತೊಟ್ಟಿಕ್ಕಿದ್ದು ಮತ್ತೆ ಹುದುಗಲು ಶುರುವಾದರೆ ಮತ್ತೆ ಸೋಸುವುದು. ಪ್ರತಿ ಸಲವೂ ಯೀಸ್ಟೂ ಅದರ ಆಹಾರವೂ ಬಟ್ಟೆಯಲ್ಲಿ ಉಳಿದು, ಹುದುಗುವ ಶಕ್ತಿ ಕುಂದುತ್ತದೆ, ಸಿಹಿ ಉಳಿಯುತ್ತದೆ.

“ರಾತ್ರಿ ಮಲಗಿದಾಗಲೂ ಕೇಳಿಸುತ್ತಿತ್ತು. ಟಪ್, ಟಪ್. ಚೀಲ ತೊಳೆಯುವುದು ಹೆಣ್ಣುಮಕ್ಕಳ ಕೆಲಸ. ನೀರು ಹೇಗೆ ಕೊರೆಯುತ್ತಿತ್ತೆಂದರೆ...” ಎಂದು ಬೆರಳು ಮಡಚಿ ತೋರಿಸಿದರು.

“ಸೋಸಿದ್ದು ಸಾಲದಿದ್ದರೆ?”

ಅಜ್ಜಿ ನಕ್ಕರು. ಚಳಿಗಾಲ ಕಳೆದು ಬಿಸಿಲು ಏರಿದರೆ ಬಾಟಲಿಯೊಳಗೇ ಮತ್ತೆ ಹುದುಗು ಎದ್ದು ಒಂದೊಂದಾಗಿ ಸಿಡಿಯುತ್ತಿದ್ದವು. ಮಾರ್ಚ್ ಬಂದರೆ ಮಕ್ಕಳು ನೆಲಮಾಳಿಗೆಗೆ ಇಳಿಯುವಂತಿರಲಿಲ್ಲ. ಅಪ್ಪ ತಲೆಗೆ ಬುಟ್ಟಿ ಕವುಚಿಕೊಂಡು ಇಳಿಯುತ್ತಿದ್ದರಂತೆ.

ನಾನು ನಮ್ಮ ಮಡಿಕೇರಿಯ ಅತ್ತೆಯ ಕಥೆ ಹೇಳಿದೆ. ಭರಣಿಯಲ್ಲಿ ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ; ಬಾಯಿಗೆ ಬಟ್ಟೆ ಕಟ್ಟಿ ಮೂರು ವಾರ. ಒಂದು ವರ್ಷ ಆತುರಪಟ್ಟು ಬೇಗ ಬಾಟಲಿ ತುಂಬಿಸಿದ್ದರಿಂದ ಉಗ್ರಾಣದಲ್ಲಿ ಎರಡು ಸಿಡಿದು, ಹೊಸದಾಗಿ ಸುಣ್ಣ ಬಳಿದ ಗೋಡೆಯೆಲ್ಲ ನೇರಳೆಯಾಗಿತ್ತು. ಮೊಮ್ಮಗಳು ಅನುವಾದಿಸಿ ಮುಗಿಸುವ ಮೊದಲೇ ಅಜ್ಜಿಗೆ ಅರ್ಥವಾಗಿ ಮೇಜು ತಟ್ಟಿ ನಕ್ಕರು. “ಎಷ್ಟು ಸಲ ಸೋಸಿದ್ದರು?” ಎಂದು ಕೇಳಿದರು. ಒಂದೇ ಸಲ ಎಂದೆ. ಅಯ್ಯೋ ಎನ್ನುವಂತೆ ತಲೆಯಾಡಿಸಿದರು.

ಆಮೇಲೆ ಹೇಜಲ್‌ನಟ್ ಕೇಕ್ ಬಂತು. ಒಣಕಲು, ಗಂಟಲಿಗೆ ಹಿಡಿಯುವಂಥದ್ದು. ಅದರ ಜೊತೆಗೆ ತಣ್ಣನೆಯ ಮೊಸ್ಕಾತೊ. ಮೂಗಿನ ಹತ್ತಿರ ತಂದರೆ ಕಿತ್ತಳೆ ಹೂವು, ಹಣ್ಣಾದ ಪೀಚ್. ಬಾಯಲ್ಲಿ ಈಗತಾನೆ ಬಳ್ಳಿಯಿಂದ ಕಿತ್ತ ದ್ರಾಕ್ಷಿ. ಕೇಕಿನ ಒಣಕಲು ಏಕೆಂದು ಆಗ ತಿಳಿಯಿತು.

ಹೊರಡುವಾಗ ಒಂದು ಬಾಟಲಿ ಕೊಂಡೆ. “ಇಟ್ಟುಕೊಳ್ಳಬೇಡಿ. ಮುಂದಿನ ಕೊಯ್ಲಿನ ಒಳಗೆ ಕುಡಿದುಬಿಡಿ” ಎಂದು ಅಜ್ಜಿ ಎರಡು ಸಲ ಹೇಳಿದರು.

ನಾನು ಇಟ್ಟುಕೊಂಡೆ. ಅತ್ತೆಯ ಜೊತೆಗೇ ತೆರೆಯಬೇಕೆಂಬ ಹಟ. ಒಂದು ವರ್ಷ ರಜೆ ಸಿಗಲಿಲ್ಲ, ಇನ್ನೊಂದು ವರ್ಷ ಮಳೆಗೆ ರಸ್ತೆ ಕುಸಿದಿತ್ತು. ಕಳೆದ ತಿಂಗಳು ಮಡಿಕೇರಿಯಲ್ಲಿ ತೆರೆದಾಗ ಬಣ್ಣ ಹಳೆಯ ಜೇನಿನಂತಾಗಿತ್ತು. ನೊರೆ ಸತ್ತಿತ್ತು, ಹೂವಿನ ವಾಸನೆಯ ಜಾಗದಲ್ಲಿ ಬರಿಯ ಬೆಲ್ಲದ ನೀರು. ನಾನು ಅಜ್ಜಿಯ ಚೀಲಗಳ ಕಥೆ ಹೇಳುತ್ತಿದ್ದೆ. ಅತ್ತೆ ಒಂದು ಗುಟುಕು ಕುಡಿದು, ಲೋಟವನ್ನು ಕೆಳಗಿಟ್ಟು, “ಎಷ್ಟು ಸಲ ಸೋಸಿದ್ದರಂತೆ?” ಎಂದು ಕೇಳಿದರು.