ಸವತಿಬೀಜ ಮತ್ತು ಸೋರೆಕಾಯಿಯ ಎಳೆಗಳು

ಧಾರವಾಡ, 18 ಜನವರಿ 2025, ಶನಿವಾರ ರಾತ್ರಿ

ಮಧ್ಯಾಹ್ನ ಸಪ್ತಾಪುರದ ಗೆಳತಿಯ ಮನೆಯಲ್ಲಿ ಊಟವಿತ್ತು. ಮನೆಗೆ ಮರಳಿ ಐದು ತಾಸು ಕಳೆದರೂ, ಜೊತೆಗೆ ಊಟಕ್ಕೆ ಕೂತಿದ್ದ ಮಾಳಮಡ್ಡಿಯ ಗೆಳತಿ ತನ್ನ ಚಮಚವನ್ನು ತಟ್ಟೆಯ ಅಂಚಿಗೆ ಇಟ್ಟ ರೀತಿ ಕಣ್ಣ ಮುಂದಿನಿಂದ ಸರಿಯುತ್ತಿಲ್ಲ. ಬಡಿಸಿದವಳ ಮನಸ್ಸಿಗೆ ನೋವಾಗಬಾರದೆಂದು ಆಕೆ ಅದನ್ನು ಒಂದಿಷ್ಟೂ ಸದ್ದಾಗದಂತೆ ಇಟ್ಟಳು. ಆ ಎಚ್ಚರಿಕೆಯೇ ನನ್ನನ್ನು ಕಾಡುತ್ತಿದೆ.

ದೀಪಾವಳಿಯಾದ ಮೇಲೆ ಆಕೆಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾಯಿತು. ಮೊನ್ನೆ ಸಂಕ್ರಾಂತಿಗೆ ನಾವೆಲ್ಲ ಬುತ್ತಿ ಕಟ್ಟಿಕೊಂಡು ಕೆಲಗೇರಿ ಕೆರೆಯ ದಂಡೆಗೆ ಹೋದಾಗ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಪುಡಿ ಎಲ್ಲವನ್ನೂ ನಮ್ಮೊಡನೆ ಉಂಡವಳು, ಬೆಲ್ಲದ ಸಿಹಿಯಾದ ಮಾದಲಿಯ ಡಬ್ಬಿ ತನ್ನ ಕೈಗೆ ಬಂದಾಗ ಮಾತ್ರ ಮುಚ್ಚಳವನ್ನೂ ತೆಗೆಯದೆ ಪಕ್ಕದವರಿಗೆ ದಾಟಿಸಿದ್ದಳು. ಅದನ್ನು ನಾನೂ ನೋಡಿದೆ, ಸಪ್ತಾಪುರದವಳೂ ನೋಡಿದಳು. ನಾನು ನೋಡಿ ಸುಮ್ಮನಾದೆ. ಸಪ್ತಾಪುರದವಳು ಸುಮ್ಮನಿರುವ ಪೈಕಿಯಲ್ಲ. ನಾಲ್ಕೇ ದಿನಗಳಲ್ಲಿ ಹುಬ್ಬಳ್ಳಿಗೆ ಹೋಗಿ, ಬೇಕಾದುದನ್ನೆಲ್ಲ ಹುಡುಕಿ ತಂದು, ನಮ್ಮ ಮೂವರನ್ನೂ ಇಂದು ಊಟಕ್ಕೆ ಕರೆದಳು. ನಾವೆಲ್ಲ ವೈನಿ ಎನ್ನುವ ಅತ್ತಿಗೆ ಕೂಡ ಬಂದಿದ್ದರು.

ಮೇಜಿನ ಮೇಲೆ ನಾಲ್ಕು ಪಾತ್ರೆಗಳಿದ್ದವು. ಒಂದರಲ್ಲಿ ಮಾಮೂಲಿ ಪಾಸ್ತಾ, ಇನ್ನೊಂದರಲ್ಲಿ ಇಡೀ ಗೋಧಿಯ ಪಾಸ್ತಾ, ಮೂರನೆಯದರಲ್ಲಿ ಜುಕಿನಿಯನ್ನೂ ಎಳೆಯ ಸೋರೆಕಾಯಿಯನ್ನೂ ಉದ್ದನೆಯ ಎಳೆಗಳಾಗಿ ತುರಿದು ಮಾಡಿದ ‘ಪಾಸ್ತಾ’, ನಾಲ್ಕನೆಯದರಲ್ಲಿ ಹೂಕೋಸನ್ನು ಪುಡಿಪುಡಿಯಾಗಿ ಹೆರೆದು ಒಗ್ಗರಣೆ ಹಾಕಿದ ‘ಅನ್ನ’. ಎಲ್ಲವನ್ನೂ ಸ್ವಲ್ಪ ಸ್ವಲ್ಪ ಬಡಿಸಿಕೊಂಡು, ಯಾರಿಗೆ ಯಾವುದು ಹಿಡಿಸಿತೆಂದು ಮನಸ್ಸಿನಲ್ಲಿದ್ದಂತೆ ಹೇಳಬೇಕೆಂಬುದು ಆಕೆಯ ಕರಾರು.

ಇಡೀ ಗೋಧಿಯ ಪಾಸ್ತಾದ ಬಗ್ಗೆ ನಮ್ಮಲ್ಲಿ ಬಹಳ ಚರ್ಚೆಯಾಯಿತು. ಟೊಮೆಟೊ ಗೊಜ್ಜಿನೊಂದಿಗೆ ಅದನ್ನು ತಿಂದಾಗ ನನಗೆ ಹಿಡಿಸಲಿಲ್ಲ: ಗೊಜ್ಜಿನ ಹುಳಿ ಒಂದು ಕಡೆ, ತೌಡಿನ ಒರಟುತನ ಮತ್ತೊಂದು ಕಡೆ ಉಳಿದು, ಎರಡೂ ಬಾಯಲ್ಲಿ ಕೂಡಲೇ ಇಲ್ಲ. ವೈನಿ ಎದ್ದು ಹೋಗಿ ಅಡುಗೆಮನೆಯ ಕಟ್ಟೆಯ ಮೇಲಿದ್ದ ಗುರೆಳ್ಳು ಪುಡಿಯ ಡಬ್ಬಿ ತಂದು, ಎರಡು ಚಮಚ ಪುಡಿಯನ್ನೂ ಹಸಿ ಎಣ್ಣೆಯನ್ನೂ ಬೆಳ್ಳುಳ್ಳಿಯನ್ನೂ ಸೇರಿಸಿ ಕಲಸಿ ಕೊಟ್ಟರು. ಆಗ ಅದೇ ಪಾಸ್ತಾ ಬೇರೆಯೇ ಆಯಿತು. ತೌಡಿಗೆ ತನ್ನದೇ ಆದ ಒಂದು ಹುರಿದ ವಾಸನೆಯಿದೆ. ಅದಕ್ಕೆ ಜೊತೆಯಾಗಿ ಎಣ್ಣೆಕಾಳಿನ ಖಾರ ಬೇಕಿತ್ತು. ಇಟಲಿಯ ವೆನೆಟೊ ಪ್ರಾಂತದಲ್ಲಿ ‘ಬಿಗೋಲಿ’ ಎಂಬ ದಪ್ಪ ಎಳೆಯ ಪಾಸ್ತಾವನ್ನು ಇಡೀ ಗೋಧಿಯ ಹಿಟ್ಟಿನಿಂದ ಮಾಡಿ, ನಮ್ಮ ಶಾವಿಗೆ ಒರಳಿನಂಥದೇ ಒತ್ತುವ ಯಂತ್ರದಲ್ಲಿ ಒತ್ತಿ, ನಿಧಾನವಾಗಿ ಬೇಯಿಸಿದ ಈರುಳ್ಳಿ ಮತ್ತು ಉಪ್ಪು ಹಾಕಿಟ್ಟ ಸಣ್ಣ ಮೀನಿನ ಗೊಜ್ಜಿನೊಂದಿಗೆ ಉಣ್ಣುತ್ತಾರೆ. ಅವರೂ ಒರಟು ಹಿಟ್ಟಿಗೆ ತೀಕ್ಷ್ಣವಾದ ಜೊತೆಯನ್ನೇ ಹುಡುಕಿಕೊಂಡಿದ್ದಾರೆ.

ಆ ಪಾಸ್ತಾ ಯಾಕೆ ಮುರಿಮುರಿದು ಬಂದಿತೆಂದು ಸಪ್ತಾಪುರದವಳು ನನ್ನನ್ನು ಕೇಳಿದಳು. ಇಷ್ಟು ವರ್ಷ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿದವಳು ಉತ್ತರ ಕೊಡಬೇಕಲ್ಲ. ಗೋಧಿಯ ಕಾಳಿನ ತೂಕದಲ್ಲಿ ಸುಮಾರು ಶೇ. 83ರಷ್ಟು ಒಳಗಿನ ಬಿಳಿ ತಿರುಳು, ಶೇ. 14ರಷ್ಟು ತೌಡು, ಉಳಿದ ಸ್ವಲ್ಪ ಭಾಗ ಮೊಳಕೆ. ತಿರುಳಿನ ಪ್ರೋಟೀನು ನೀರಿನೊಡನೆ ಸೇರಿ ಬಲೆಯಂತೆ ಹೆಣೆದುಕೊಳ್ಳುವಾಗ ತೌಡಿನ ಚೂರುಗಳು ಆ ಬಲೆಯನ್ನು ಅಲ್ಲಲ್ಲಿ ಕತ್ತರಿಸುತ್ತವೆ. ಆದ್ದರಿಂದ ಅದನ್ನು ಒಂದೆರಡು ನಿಮಿಷ ಹೆಚ್ಚು ಬೇಯಿಸಿದರೂ ಮೆತ್ತಗಾಗಿ ಒಡೆಯುತ್ತದೆ. 100 ಗ್ರಾಂ ಪಾಸ್ತಾಕ್ಕೆ ಒಂದು ಲೀಟರ್ ನೀರು, 10 ಗ್ರಾಂ ಉಪ್ಪು ಎಂಬುದು ಇಟಲಿಯವರ ಲೆಕ್ಕ. ಒಳಗೆ ಸ್ವಲ್ಪ ಗಟ್ಟಿ ಇರುವಾಗಲೇ ಅವರು ಅದನ್ನು ಬಸಿಯುತ್ತಾರೆ. ಹಾಗೆ ಬಸಿದ ಪಾಸ್ತಾದಲ್ಲಿ ಪಿಷ್ಟವು ಪ್ರೋಟೀನಿನ ಬಲೆಯೊಳಗೆ ಸಿಕ್ಕಿಕೊಂಡಿದ್ದು ನಿಧಾನವಾಗಿ ಪಚನವಾಗುವುದರಿಂದ, ಬಿಳಿ ಬ್ರೆಡ್ಡು ತಿಂದಾಗ ಏರುವಷ್ಟು ವೇಗವಾಗಿ ರಕ್ತದ ಸಕ್ಕರೆ ಏರುವುದಿಲ್ಲ. ಇದನ್ನು ನಾನು ಮಾಳಮಡ್ಡಿಯವಳ ಕಡೆ ತಿರುಗಿ ಹೇಳಿದೆ. ಆಕೆ ತಲೆಯಾಡಿಸಿದಳು, ಆದರೆ ಆಕೆಯ ಮುಂದೆ ಆ ಹೊತ್ತಿಗೆ ಇದ್ದದ್ದು ಸೋರೆಕಾಯಿಯ ಎಳೆಗಳು.

ವೈನಿ ಅದನ್ನು ಎರಡು ತುತ್ತು ತಿಂದು ಕೇಳಿದರು: “ಇದಕ್ಕ ಪಾಸ್ತಾ ಅಂತ ಯಾಕ ಹೆಸರಿಟ್ಟಿ? ಸೋರೆಕಾಯಿ ಪಲ್ಯ ಅಂತ ಬಡಿಸಿದ್ರ ಇನ್ನೊಂದು ಸಲ ಹಾಕಿಸ್ಕೊತಿದ್ದೆ.”

“ಹಂಗಲ್ಲ ವೈನಿ,” ಎಂದಳು ಸಪ್ತಾಪುರದವಳು, “ಬಿಟ್ಟ ಪದಾರ್ಥದ ನೆನಪು ಹೋಗೂತನಕ ಅದರಂಗ ಕಾಣೂದು ಒಂದು ಬೇಕಾಗ್ತದ. ಕಣ್ಣಿಗೂ ಹಸಿವು ಇರ್ತದ.”

ಆಗ ಮಾಳಮಡ್ಡಿಯವಳು ಚಮಚವನ್ನು ಇಟ್ಟು, ಯಾರನ್ನೂ ನೋಡದೆ, ಇಷ್ಟು ಹೇಳಿದಳು: “ಇನ್ನ ಮ್ಯಾಲೆ ನನ್ನ ತಾಟಿನ್ಯಾಗ ಎಲ್ಲಾನೂ ಯಾವುದರದರ ಬದಲಿನ ಏನು?”

ಯಾರೂ ಉತ್ತರ ಕೊಡಲಿಲ್ಲ. ಸಪ್ತಾಪುರದವಳ ಕಣ್ಣು ತುಂಬಿತು. ನೀರು ತರುವ ನೆವದಲ್ಲಿ ಒಳಗೆ ಹೋದಳು. ನಾನು ಹೂಕೋಸನ್ನು ಬಡಿಸಿಕೊಂಡೆ.

ಆ ಪ್ರಶ್ನೆಗೆ ಅಲ್ಲಿ ಹೇಳಲಾಗದ ಉತ್ತರವನ್ನು ಇಲ್ಲಿ ಬರೆದು ನೋಡುತ್ತೇನೆ. ಸೋರೆಕಾಯಿಯ ಎಳೆಗಳಲ್ಲಿ ತಪ್ಪೇನಿರಲಿಲ್ಲ. ಉಪ್ಪು ಸವರಿ ಅರ್ಧ ತಾಸು ಇಟ್ಟು, ಬಿಟ್ಟ ನೀರನ್ನು ಹಿಂಡಿ, ಕಾದ ಬಾಣಲೆಯಲ್ಲಿ ಎರಡೇ ನಿಮಿಷ ಆಡಿಸಿದ್ದಳು. ಹಾಗೆ ಮಾಡದಿದ್ದರೆ ಶೇ. 95ರಷ್ಟು ನೀರೇ ಇರುವ ಜುಕಿನಿಯೂ ಅದರ ಬಳಗದ ಸೋರೆಕಾಯಿಯೂ ತಟ್ಟೆಯಲ್ಲಿ ಸಾರಿನಂತೆ ನಿಲ್ಲುತ್ತವೆ. ತುರಿಯುವ ಮುನ್ನ ತುದಿಯನ್ನು ಕೊಯ್ದು ನಾಲಿಗೆಗೆ ಹಚ್ಚಿ ಕಹಿಯಿಲ್ಲವೆಂದು ಖಾತ್ರಿ ಮಾಡಿಕೊಂಡಿದ್ದಳು. ಕಹಿ ಸೋರೆಕಾಯಿ ವಿಷವೆಂಬ ಎಚ್ಚರ ಆಕೆಗಿದೆ. ಇಷ್ಟು ಜತನದಿಂದ ಮಾಡಿದ ಅಡುಗೆ ಯಾಕೆ ಸೋತಿತೆಂದರೆ, ಬಾಯಿ ಪಾಸ್ತಾ ಎಂಬ ಹೆಸರನ್ನು ಕೇಳಿ ಜಗಿಯಲು ಸಿದ್ಧವಾಗಿತ್ತು, ಸಿಕ್ಕಿದ್ದು ಜಗಿಯಬೇಕಾಗಿಲ್ಲದ ತರಕಾರಿ. ಹೆಸರು ಹುಟ್ಟಿಸಿದ ಆಸೆಯನ್ನು ತರಕಾರಿ ಪೂರೈಸಲಾರದು. ಹೊಟ್ಟೆಯ ಲೆಕ್ಕವೂ ಹಾಗೆಯೇ ಇದೆ. 100 ಗ್ರಾಂ ಒಣ ಪಾಸ್ತಾದಲ್ಲಿ 12 ಗ್ರಾಮಿನಷ್ಟು ಪ್ರೋಟೀನು ಇದ್ದರೆ ಅಷ್ಟೇ ತೂಕದ ಜುಕಿನಿಯಲ್ಲಿರುವುದು ಒಂದು ಗ್ರಾಂ ಆಸುಪಾಸು. ಬರೀ ಅದನ್ನೇ ಉಂಡವರಿಗೆ ನಾಲ್ಕು ಗಂಟೆಗೆ ಹಸಿವಾಗುತ್ತದೆ, ಹಸಿದವರು ಡಬ್ಬಿಯ ಚೂಡಾಕ್ಕೆ ಕೈ ಹಾಕುತ್ತಾರೆ. ಆ ಎಳೆಗಳ ಪಕ್ಕದಲ್ಲಿ ಒಂದು ಸೌಟು ಮಡಕಿ ಕಾಳಿನ ಪಲ್ಯವಿದ್ದಿದ್ದರೆ ಅದು ಪೂರ್ತಿ ಊಟವಾಗುತ್ತಿತ್ತು, ಅದಕ್ಕೆ ಪಾಸ್ತಾದ ಹೆಸರೂ ಬೇಕಾಗುತ್ತಿರಲಿಲ್ಲ.

ಹೂಕೋಸಿನ ‘ಅನ್ನ’ ಕೂಡ ನನಗೆ ಒಗ್ಗರಣೆಯ ಪಲ್ಯವಾಗಿಯೇ ರುಚಿಸಿತು. ಅದರ ಮೇಲೆ ಸಾರು ಹಾಕಿಕೊಂಡ ಗಳಿಗೆಯಲ್ಲೇ ಕೆಟ್ಟಿತು. ಅನ್ನವು ಸಾರನ್ನು ಕುಡಿಯುತ್ತದೆ. ಹೂಕೋಸು ಅದನ್ನು ತಟ್ಟೆಯ ತಳಕ್ಕೆ ಬಿಟ್ಟುಕೊಡುತ್ತದೆ.

ಬದಲಿ ಎಂಬುದು ನಮಗೆ ಹೊಸದೇನೂ ಅಲ್ಲ. ಏಕಾದಶಿಯ ದಿನ ಅನ್ನ ಬಿಟ್ಟವರು ಊದಲಿನ ಅಕ್ಕಿಯನ್ನೋ ಸಾಬೂದಾಣಿಯನ್ನೋ ಉಂಡಾಗ ಅದನ್ನು ಉಪವಾಸದ ಫಲಾಹಾರವೆಂದೇ ಉಂಡರು, ಅದರಲ್ಲಿ ಅನ್ನದ ರುಚಿಯನ್ನು ಹುಡುಕಲಿಲ್ಲ. ನಮ್ಮ ಭಾಷೆಯಂತೂ ಈ ವಿಷಯದಲ್ಲಿ ಬಹಳ ಉದಾರವಾಗಿದೆ. ಭತ್ತದ ಕಾಳಿಗೆ ಮಾತ್ರ ಅಕ್ಕಿ ಎನ್ನದೆ, ಸಿಪ್ಪೆ ಬಿಡಿಸಿದ ನವಣೆಯನ್ನು ನವಣೆಅಕ್ಕಿ ಎಂದಿತು, ಸಾವಿಯನ್ನು ಸಾವಿಅಕ್ಕಿ ಎಂದಿತು. ಅವು ಯಾವುದರ ಬದಲಿಯಾಗಿಯೂ ಬಂದವಲ್ಲ. ಭತ್ತ ಬೆಳೆಯದ ಎರೆಹೊಲಗಳ ಊರುಗಳಲ್ಲಿ ಅವೇ ಅನ್ನವಾಗಿದ್ದವು. 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ ಅವು ಅಂಗಡಿಯಲ್ಲಿ ಅಂದವಾದ ಪೊಟ್ಟಣಗಳಲ್ಲಿ ಬಂದಿವೆ, ಸಂತೋಷವೇ. ಆದರೆ ಪೊಟ್ಟಣದ ಮೇಲೆ ಅಕ್ಕಿಗೆ ಬದಲಿ ಎಂದು ಬರೆದಿರುವುದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಗೋಧಿಯ ವಿಷಯದಲ್ಲಿ ಇದು ಇನ್ನೂ ಹತ್ತಿರದ ಮಾತು. ಇಟಲಿಯಲ್ಲಿ 1967ರಲ್ಲಿ ಮಾಡಿದ ಕಾನೂನಿನ ಕಾಲದಿಂದಲೂ ಒಣ ಪಾಸ್ತಾವನ್ನು ಡ್ಯುರಮ್ ಎಂಬ ಗಟ್ಟಿ ಗೋಧಿಯ ರವೆಯಿಂದಲೇ ಮಾಡಬೇಕು. ಆ ಡ್ಯುರಮ್ ನಮಗೆ ಪರದೇಶಿಯಲ್ಲ: ನಾವು ಉಪ್ಪಿಟ್ಟಿಗೆ ಬಳಸುವ ಬನ್ಸಿ ರವೆ ಅದೇ ಗೋಧಿಯದು, ವಿಜಯಪುರದ ಕಡೆಯ ಕಪ್ಪು ನೆಲದಲ್ಲಿ ಹಿಂಗಾರಿನ ತೇವದಲ್ಲೇ ಅದು ಬೆಳೆಯುತ್ತ ಬಂದಿದೆ. ಅದರ ಹತ್ತಿರದ ಬಂಧುವೇ ನಮ್ಮ ಜವೆಗೋಧಿ. ಚಪಾತಿಯ ಗೋಧಿಯಲ್ಲಿ 42 ವರ್ಣತಂತುಗಳಿದ್ದರೆ ಡ್ಯುರಮ್ ಮತ್ತು ಜವೆಗೋಧಿ ಎರಡರಲ್ಲೂ 28. ಇಟಲಿಯವರು ‘ಫಾರೊ’ ಎಂದು ಸೂಪಿಗೆ ಹಾಕುವ ಕಾಳುಗಳಲ್ಲಿ ಮುಖ್ಯವಾದದ್ದು ಈ ಜವೆಗೋಧಿಯ ಜಾತಿಯೇ. ಅದರ ಹೊಟ್ಟು ಕಾಳಿಗೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಕುಟ್ಟಿಸದೆ ಬೀಸಲಾಗದು. ಈ ಹೆಚ್ಚಿನ ಕೆಲಸಕ್ಕೆ ಬೇಸತ್ತು ಎಷ್ಟೋ ರೈತರು ಅದನ್ನು ಬಿಟ್ಟರು. ಇಲ್ಲಿಯ ಕೃಷಿ ವಿಶ್ವವಿದ್ಯಾಲಯವು ಡಿಡಿಕೆ 1025, ಡಿಡಿಕೆ 1029 ಎಂಬ ಗಿಡ್ಡ ತಳಿಗಳನ್ನು ಕೊಟ್ಟದ್ದರಿಂದ ಬೆಳೆ ಪೂರ್ತಿ ಕಾಣೆಯಾಗದೆ ಉಳಿದಿದೆ. ಹುಗ್ಗಿಗೂ ಮಾದಲಿಗೂ ಶಾವಿಗೆಗೂ ನಮ್ಮ ಮನೆಗಳಲ್ಲಿ ಈ ಗೋಧಿಯೇ ಆಗಬೇಕಿತ್ತು.

ಇದನ್ನೆಲ್ಲ ಯೋಚಿಸುತ್ತ ಅಟ್ಟದ ಮೇಲಿನ ಹಿತ್ತಾಳೆ ಡಬ್ಬಿಯನ್ನು ಕೆಳಗಿಳಿಸಿದೆ. ಅವ್ವ ಹೋದ ಮೇಲೆ ಅದನ್ನು ತೆರೆದದ್ದು ಎರಡೋ ಮೂರೋ ಸಲ. ತಳದಲ್ಲಿ ಒಂದು ಹಿಡಿಯಷ್ಟು ಸವತಿಬೀಜ, ಪಾಯಸಕ್ಕೆಂದು ಕಣಕ ಹೊಸೆದು ಒಣಗಿಸಿದ್ದು, ಇನ್ನೂ ಇತ್ತು. ತಿನ್ನುವ ಸ್ಥಿತಿಯಲ್ಲಿಲ್ಲ, ಎಸೆಯುವ ಮನಸ್ಸೂ ಇಲ್ಲ. ಕಣಕದ ಚೂರನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹೊಸೆದಾಗ ಎರಡೂ ತುದಿ ಚೂಪಾಗಿ ಸೌತೆಬೀಜದಂತೆ ಉದುರುತ್ತಿದ್ದ ಬಗೆ ನೆನಪಾಯಿತು. ಗವಲಿ, ಪರಡಿ, ಬಟವಿ ಎಂಬ ಬೇರೆ ಆಕಾರಗಳೆಲ್ಲವೂ ಹಾಗೆ ಕೈಯಲ್ಲೇ ಆದವು, ಮದುವೆಮನೆಯಲ್ಲಿ ಒಂದೊಂದಕ್ಕೂ ಬೇರೆ ಬೇರೆ ಕೈ. ಇಟಲಿಯಲ್ಲಿಯೂ ಕರಬೂಜದ ಬೀಜವೆಂಬ ಹೆಸರಿನ ಸಣ್ಣ ಪಾಸ್ತಾ ಇದೆ, ‘ಸೆಮಿ ದಿ ಮೆಲೋನೆ’ ಎನ್ನುತ್ತಾರೆ. ಒಬ್ಬರಿಂದೊಬ್ಬರು ಕಲಿಯದೆಯೇ ಎರಡು ನಾಡಿನ ಹೆಂಗಸರು ಹಿಟ್ಟಿನಲ್ಲಿ ಬಳ್ಳಿಯ ಬೀಜವನ್ನೇ ಕಂಡಿದ್ದಾರೆಂಬುದು ನನಗೆ ಬಹಳ ಪ್ರೀತಿಯ ಸಂಗತಿ. ಆದರೆ ಅವರು ಅದನ್ನು ತರಕಾರಿಯ ತಿಳಿಸಾರಿನಲ್ಲಿ ಬೇಯಿಸಿ ಉಪ್ಪಿನಡುಗೆಯಾಗಿ ಉಣ್ಣುತ್ತಾರೆ, ನಾವು ಬೆಲ್ಲದ ಪಾಯಸಕ್ಕಷ್ಟೇ ಇಟ್ಟುಕೊಂಡೆವು.

ಎಂಟು ಗಂಟೆಗೆ ಮಾಳಮಡ್ಡಿಯವಳಿಗೆ ಫೋನು ಮಾಡಿದೆ. ಮಧ್ಯಾಹ್ನದ ಮಾತನ್ನು ನಾನೂ ತೆಗೆಯಲಿಲ್ಲ, ಆಕೆಯೂ ತೆಗೆಯಲಿಲ್ಲ. ಸಪ್ತಾಪುರದವಳಿಗೆ ಆಗಲೇ ಫೋನು ಮಾಡಿ, ಗುರೆಳ್ಳು ಹಾಕಿದ ಪಾಸ್ತಾ ಬಹಳ ಚೆನ್ನಾಗಿತ್ತೆಂದು ಹೇಳಿದ್ದಳಂತೆ. ಕೇಳಿ ಮನಸ್ಸು ಹಗುರಾಯಿತು. ನಾಳೆ ಗಿರಣಿಗೆ ಹೋಗಿ ಜವೆಗೋಧಿ ಕುಟ್ಟಿಸಿ ಸಣ್ಣ ರವೆ ಮಾಡಿಸೋಣವೆಂದೆ. “ಅದನ್ನ ತಿಂದ್ರ ಸಕ್ಕರಿ ಏರೂದಿಲ್ಲಂತಾರಲ್ಲ, ಖರೇನ?” ಎಂದು ಆಕೆ ಆಸೆಯಿಂದ ಕೇಳಿದಾಗ, ಹೌದೆಂದು ಬಾಯಿಗೆ ಬಂದಿತ್ತು. ಆದರೆ ಅದೂ ಗೋಧಿಯೇ, ಅದರಲ್ಲೂ ಪಿಷ್ಟವಿದೆ. ನಾರು ಹೆಚ್ಚಿರುವ ಇಡೀ ಕಾಳು, ನುಣ್ಣನೆಯ ಹಿಟ್ಟಾಗದೆ ತರಿಯಾಗಿದ್ದಷ್ಟೂ ನಿಧಾನವಾಗಿ ಪಚನವಾಗುತ್ತದೆಂದು ಮಾತ್ರ ಹೇಳಬಲ್ಲೆ. ಒಂದು ಹಿಡಿ ಉಂಡು, ಎರಡು ತಾಸು ಬಿಟ್ಟು ನಿನ್ನ ಯಂತ್ರದಲ್ಲಿ ಬೆರಳ ರಕ್ತ ನೋಡಿಕೊ, ಆ ಅಂಕಿ ನನ್ನ ಮಾತಿಗಿಂತ ಖಾತ್ರಿಯಾದದ್ದು ಎಂದೆ. ಸ್ವಲ್ಪ ಹೊತ್ತು ಆಕೆ ಮಾತಾಡಲಿಲ್ಲ. ಆಮೇಲೆ, “ಪಾಯಸ ಬಿಟ್ಟು ಸವತಿಬೀಜಕ್ಕ ಮತ್ತೇನು ಮಾಡ್ತಿ?” ಎಂದಳು.

ಕಟ್ಟಿನ ಸಾರಿಗೆ ಹಾಕಬಹುದೆಂದು ಆ ಕ್ಷಣಕ್ಕೆ ಹೊಳೆದದ್ದನ್ನು ಹೇಳಿದೆ. ಹೆಸರು ಬದಲಾಗಬೇಕಿಲ್ಲ, ಸವತಿಬೀಜದ ಸಾರು ಎಂದೇ ಕರೆಯಬಹುದು, ಅದು ಇನ್ನೊಂದರ ಜಾಗದಲ್ಲಿ ಕೂತದ್ದಾಗುವುದಿಲ್ಲ. ಜೊತೆಗೆ ಒಂದು ಕಟ್ಟು ಮೆಂತ್ಯ ಸೊಪ್ಪು, ಸಿಕ್ಕರೆ ಎಳೆಯ ಸೋರೆಕಾಯಿಯ ಹೋಳುಗಳು. ಎಷ್ಟು ಹೊತ್ತು ಬೇಯಬೇಕೆಂಬುದನ್ನು ಮಾತ್ರ ವೈನಿಗೆ ಕೇಳಬೇಕು; ಪಾಯಸಕ್ಕೆ ಅವರು ತುಪ್ಪದಲ್ಲಿ ಹುರಿದೇ ಹಾಕುತ್ತಿದ್ದರು, ಸಾರಿಗೆ ಹುರಿಯದೆ ಹಾಕಿದರೆ ಅಂಟಿಕೊಂಡು ಮುದ್ದೆಯಾಗುತ್ತದೋ, ಅಥವಾ ತರಿ ದಪ್ಪವಿದ್ದರೆ ಹಾಗೆಯೇ ಬಿಡಿಬಿಡಿಯಾಗಿ ಉಳಿಯುತ್ತದೋ.