ಚೊಚ್ಚಲ ಪುಸ್ತಕ: ಅಚ್ಚಿಗೆ ಮೊದಲು ಹಾಕಬೇಕಾದ ಲೆಕ್ಕ

ಭಾನುವಾರ, 16 ನವೆಂಬರ್ 2025

ನವೆಂಬರ್ ಎಂದರೆ ರಾಜ್ಯೋತ್ಸವದ ತಿಂಗಳು. ಅಂಗಡಿಗಳಲ್ಲಿ ರಿಯಾಯಿತಿ ಬೋರ್ಡು, ಭಾನುವಾರ ಬಂತೆಂದರೆ ಬೆಂಗಳೂರಿನಲ್ಲಿ ಒಂದೇ ಹೊತ್ತಿಗೆ ಮೂರ್ನಾಲ್ಕು ಕಡೆ ಪುಸ್ತಕ ಬಿಡುಗಡೆ. ಮೊದಲ ಪುಸ್ತಕ ತರುವವರಿಗೆ ಬಿಡುಗಡೆಗೆ ಯಾರನ್ನು ಕರೆಯಬೇಕೆಂಬುದೇ ದೊಡ್ಡ ಚಿಂತೆ. ಎಷ್ಟು ಪ್ರತಿ ಹಾಕಿಸಬೇಕು, ಅವು ಯಾರ ಕೈ ಸೇರಬೇಕು ಅನ್ನುವುದು ಆಮೇಲೆ ನೆನಪಾಗುತ್ತದೆ. ಅಷ್ಟರಲ್ಲಿ ಕಟ್ಟುಗಳು ಮಂಚದ ಕೆಳಗೆ ಬಂದು ಕೂತಿರುತ್ತವೆ.

ಸಾವಿರ ಪ್ರತಿ ಹಾಕಿಸುವುದು ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು ನೆಚ್ಚಿಕೊಂಡವರ ಲೆಕ್ಕ. ಪುಸ್ತಕ ಆಯ್ಕೆಯಾಗುವುದು ಯಾವಾಗ, ದುಡ್ಡು ಬರುವುದು ಯಾವಾಗ ಎಂದು ಪಳಗಿದ ಪ್ರಕಾಶಕರೂ ಹೇಳಲಾರರು. ಅರ್ಜಿ ಹಾಕಿ, ಬಜೆಟ್ಟಿನಲ್ಲಿ ಮಾತ್ರ ಸೇರಿಸಿಕೊಳ್ಳಬೇಡಿ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಕೊಡುವ ಪ್ರೋತ್ಸಾಹಧನಕ್ಕೂ ಇದೇ ಮಾತು. ಅದರ ಪ್ರಕಟಣೆ ಬಂದಾಗ ವಯಸ್ಸಿನ ಮಿತಿ, ಹಸ್ತಪ್ರತಿ ಕಳಿಸಬೇಕಾದ ರೀತಿ ಎರಡನ್ನೂ ಸರಿಯಾಗಿ ಓದಿಕೊಳ್ಳಿ.

ಹೊಸಬರಿಗೆ 300 ಪ್ರತಿ ಸಾಕು. ಲೋಹದ ಪ್ಲೇಟಿನಿಂದ ಅಚ್ಚು ಹಾಕುವ ಆಫ್‌ಸೆಟ್‌ನಲ್ಲಿ ಪ್ಲೇಟು, ಮಷೀನ್ ಹೊಂದಿಸುವ ಖರ್ಚು ನೂರಕ್ಕೂ ಅಷ್ಟೇ, ಸಾವಿರಕ್ಕೂ ಅಷ್ಟೇ. ಹಾಗಾಗಿ ಕಡಿಮೆ ಪ್ರತಿಗೆ ಫೈಲಿನಿಂದ ನೇರವಾಗಿ ತೆಗೆಯುವ ಡಿಜಿಟಲ್ ಮುದ್ರಣವೇ ಗಿಟ್ಟುತ್ತದೆ. ಐನೂರರ ಆಸುಪಾಸಿಗೆ ಹೋದರೆ ಎರಡಕ್ಕೂ ಕೊಟೇಶನ್ ತರಿಸಿ ನೋಡಿ.

ಒಂದು ಲೆಕ್ಕ ಹಾಕೋಣ. 160 ಪುಟ, ಬೆಲೆ 200 ರೂಪಾಯಿ, 300 ಪ್ರತಿ. ಮುದ್ರಣ ಪ್ರತಿಗೆ 75 ಎಂದಿಟ್ಟುಕೊಂಡರೆ 22,500. ಡಿಟಿಪಿ (ಕಂಪ್ಯೂಟರಿನಲ್ಲಿ ಅಕ್ಷರ, ಪುಟ ಜೋಡಿಸುವುದು), ಮುಖಪುಟ, ಕರಡು ತಿದ್ದುವುದು ಸೇರಿ 15,000. ಒಟ್ಟು 37,500, ಅಂದರೆ ಪ್ರತಿಗೆ 125. ಅಂಗಡಿಗೆ ಶೇ 40 ಬಿಟ್ಟುಕೊಟ್ಟರೆ ಕೈಗೆ ಬರುವುದು 120. ಮಾರಾಟವಾದ ಒಂದೊಂದು ಪ್ರತಿಗೂ ಐದು ರೂಪಾಯಿ ನಷ್ಟ, ಇನ್ನು ಗೌರವಧನದ ಮಾತೆಲ್ಲಿ? ಅದೇ ಪುಸ್ತಕವನ್ನು ಶೇ 10 ರಿಯಾಯಿತಿಯಲ್ಲಿ ನೇರವಾಗಿ ಓದುಗರಿಗೆ ಕೊಟ್ಟರೆ 180 ಬರುತ್ತದೆ. 200 ಪ್ರತಿ ನೇರ ಮಾರಾಟ, 60 ಅಂಗಡಿಗೆ, 40 ಗೌರವಪ್ರತಿ ಎಂದು ಹಂಚಿದರೆ 43,200 ಹುಟ್ಟುತ್ತದೆ, ಉಳಿಯುವುದು 5,700. ಅಂಚೆ ಖರ್ಚನ್ನೂ ನೀವೇ ಹೊತ್ತರೆ ಅದೂ ಇಲ್ಲ. ಹೀಗಾಗಿ ಮೊದಲ ಮುದ್ರಣದ ಭಾರವೆಲ್ಲ ನೇರ ಮಾರಾಟದ ಮೇಲೆ. ಆ 200 ಜನರ ಹೆಸರು, ಊರು, ಫೋನ್ ನಂಬರು ಪ್ರೆಸ್ಸಿಗೆ ಫೈಲು ಹೋಗುವ ಮೊದಲೇ ಕೈಯಲ್ಲಿರಬೇಕು. ಹೆಸರು 80 ದಾಟದಿದ್ದರೆ 150 ಪ್ರತಿ ಹಾಕಿಸಿ. ಅವಮಾನವೇನಿಲ್ಲ. ಡಿಜಿಟಲ್‌ನಲ್ಲಿ ಬೇಕಾದಾಗ ಮತ್ತೆ ತೆಗೆಸಬಹುದು.

ಇನ್ನು ಅಕ್ಷರದ ತಾಪತ್ರಯ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪಿಸಿದ್ದನ್ನು ಈಗಿನ ಸಾರ್ವತ್ರಿಕ ಅಕ್ಷರಸಂಕೇತವಾದ ಯೂನಿಕೋಡ್‌ಗೆ ತಿರುಗಿಸುವಾಗ ತಪ್ಪುಗಳು ಗುಂಪಾಗಿ ಬರುತ್ತವೆ. ಹಳೆಯ ಫಾಂಟುಗಳಲ್ಲಿ 'ಮ' ಒಂದೇ ಅಕ್ಷರವಲ್ಲ, 'ವ'ದ ತುಂಡಿಗೆ ಕೊಂಬಿನ ತುಂಡು ಅಂಟಿಸಿದ್ದು. ಪರಿವರ್ತಕ ಎಡವಿದರೆ 'ಮನೆ' ಹೋಗಿ 'ವುನೆ', 'ಮತ್ತು' ಹೋಗಿ 'ವುತ್ತು' ಆಗುತ್ತದೆ. ಕಣ್ಣಿಗೆ ಎರಡೂ ಹೆಚ್ಚುಕಡಿಮೆ ಒಂದೇ, ಆದ್ದರಿಂದ ಓದಿ ಹಿಡಿಯಲು ಹೋಗಬೇಡಿ. ಫೈಲಿನಲ್ಲಿ 'ವು' ಎಂದು ಹುಡುಕಿ ಒಂದೊಂದಾಗಿ ನೋಡಿ. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ '೦', ವಿಸರ್ಗದ ಜಾಗದಲ್ಲಿ ಕೋಲನ್, ಇವನ್ನೂ ಹೀಗೇ ಹಿಡಿಯಬೇಕು. ಪುಟವಿನ್ಯಾಸ ಇನ್‌ಡಿಸೈನ್ ತಂತ್ರಾಂಶದಲ್ಲಾದರೆ ಒತ್ತಕ್ಷರ ಸರಿಯಾಗಿ ಜೋಡಿಸುವ ವರ್ಲ್ಡ್-ರೆಡಿ ಕಂಪೋಸರ್ ಆಯ್ಕೆಯಾಗಿದೆಯೇ ಕೇಳಿ. ಇಲ್ಲದಿದ್ದರೆ ಒತ್ತಕ್ಷರ ಕೆಳಗಿಳಿಯದೆ ಚದುರಿ ಕೂರುತ್ತದೆ. ಕನ್ನಡದ ಉದ್ದುದ್ದ ಪದಗಳನ್ನು ಎರಡೂ ಅಂಚಿಗೆ ಎಳೆದು ಕೂರಿಸಿದಾಗ ಸಾಲಿನ ನಡುವೆ ದೊಡ್ಡ ಕಂಡಿ ಬೀಳುತ್ತದೆ. ಅಂಥ ಕಡೆ ಪದವನ್ನು ಕೈಯಾರೆ ಒಡೆಯುವುದೇ ದಾರಿ. ಕೊನೆಯ ಕರಡನ್ನು ಕಾಗದದ ಮೇಲೆ, ಲೇಖಕರಲ್ಲದವರು ಓದಬೇಕು. ಬರೆದವರ ಕಣ್ಣು ಇರಬೇಕಾದ್ದನ್ನು ಓದುತ್ತದೆ, ಇರುವುದನ್ನಲ್ಲ.

ಪುಸ್ತಕದ ಅಳತೆ ಡೆಮಿ 1/8 ಎಂದರೆ ಸುಮಾರು 5.5 × 8.5 ಇಂಚು. ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚಾಗುವ 16 ಪುಟಕ್ಕೆ ಒಂದು ಫಾರಂ. ಪುಸ್ತಕ 163 ಪುಟಕ್ಕೆ ನಿಂತರೆ ಆಫ್‌ಸೆಟ್‌ನಲ್ಲಿ ಆ ಮೂರೇ ಪುಟಕ್ಕಾಗಿ ಇನ್ನೊಂದು ಫಾರಂ ಹಾಕಿಸಿ ದುಡ್ಡು ತೆರಬೇಕು. ಮುನ್ನುಡಿಯನ್ನು ಮೊಟಕುಗೊಳಿಸಿ 160ಕ್ಕೆ ಇಳಿಸಿ. (ಮುನ್ನುಡಿಗಾಗಿ ತಿಂಗಳುಗಟ್ಟಲೆ ಕಾಯುವ ಬದಲು ಅದನ್ನೇ ಕೈಬಿಟ್ಟರೂ ಓದುಗರು ಬೇಜಾರು ಮಾಡಿಕೊಳ್ಳುವುದಿಲ್ಲ.) ಒಳಪುಟಕ್ಕೆ 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಮ್ಯಾಪ್‌ಲಿಥೊ ಕಾಗದ, ಮುಖಪುಟಕ್ಕೆ 300 ಜಿಎಸ್‌ಎಂ ಆರ್ಟ್ ಕಾರ್ಡ್, ಮ್ಯಾಟ್ ಲ್ಯಾಮಿನೇಶನ್. ಹಾಳೆಯ ದಪ್ಪ ಸುಮಾರು 0.09 ಮಿ.ಮೀ., 80 ಹಾಳೆಗೆ ಬೆನ್ನಿನ ಅಗಲ 7 ಮಿ.ಮೀ. ಚಿಲ್ಲರೆ. ಪುಟಸಂಖ್ಯೆ ಖಚಿತವಾಗುವ ಮೊದಲು ಮುಖಪುಟ ಮುಗಿಸಿಬಿಟ್ಟರೆ ಬೆನ್ನಿನ ಮೇಲಿನ ಹೆಸರು ಮುಂಬದಿಗೆ ಜಾರುತ್ತದೆ. ಅಂಚಿಗೆ 3 ಮಿ.ಮೀ. ಬ್ಲೀಡ್ (ಕತ್ತರಿಸಿ ತೆಗೆಯಲು ಬಿಡುವ ಹೆಚ್ಚುವರಿ ಚಿತ್ರಭಾಗ) ಇರಲಿ. ಕಾಗದದ ಎಳೆ (ನಾರು ಸಾಗಿದ ದಿಕ್ಕು) ಬೆನ್ನಿಗೆ ಸಮಾನಾಂತರವಾಗಿರಲಿ ಎಂದು ಪ್ರೆಸ್ಸಿನವರಿಗೆ ಬಾಯಿಬಿಟ್ಟು ಹೇಳಿ. ಅಡ್ಡ ಎಳೆಯಾದರೆ ಪುಸ್ತಕ ಬಿಚ್ಚಿದ ಕಡೆ ನಿಲ್ಲುವುದಿಲ್ಲ, ಮಳೆಗಾಲದಲ್ಲಿ ಬೆನ್ನಿನ ಪಕ್ಕ ಅಲೆಯೇಳುತ್ತದೆ.

ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ ನಂಬರಾದ ಐಎಸ್‌ಬಿಎನ್ ನಮ್ಮ ದೇಶದಲ್ಲಿ ಉಚಿತ. ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆಯ ಜಾಲತಾಣದಲ್ಲಿ ಲೇಖಕರೇ ಅರ್ಜಿ ಹಾಕಬಹುದು. ಅದಕ್ಕೆ ದುಡ್ಡು ಕೇಳುವವರ ಬಿಲ್ಲಿನ ಉಳಿದ ಸಾಲುಗಳನ್ನೂ ಒಮ್ಮೆ ನೋಡಿ. ಇ-ಪುಸ್ತಕಕ್ಕೆ ಬೇರೆ ನಂಬರು ಬೇಕು. ಗ್ರಂಥಾಲಯಗಳಿಗೆ ಪುಸ್ತಕ ಸಲ್ಲಿಸುವ 1954ರ ಕಾಯ್ದೆಯಂತೆ ಪ್ರಕಟಣೆಯ 30 ದಿನದೊಳಗೆ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ನಿಗದಿತ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಹೋಗಬೇಕು. ಆ 40 ಗೌರವಪ್ರತಿಗಳಲ್ಲಿ ನಾಲ್ಕು ಅಲ್ಲಿಗೆ. ಪ್ರಕಾಶಕರ ಜೊತೆ ಒಪ್ಪಂದವಾದರೆ ಅವಧಿ ಬರೆಸಿ. ಅವಧಿ ಬರೆಯದೆ ಹಕ್ಕು ಬಿಟ್ಟುಕೊಟ್ಟರೆ ಕಾನೂನಿನ ಪ್ರಕಾರ ಐದು ವರ್ಷ ಎಂದೇ ಲೆಕ್ಕ.

ಪುಸ್ತಕ ಕಳಿಸುವ ಅಗ್ಗದ ಅಂಚೆಯಾಗಿದ್ದ ನೋಂದಾಯಿತ ಬುಕ್ ಪೋಸ್ಟ್ 2024ರ ಡಿಸೆಂಬರಿನಲ್ಲಿ ನಿಂತುಹೋಗಿ ಸಣ್ಣ ಪ್ರಕಾಶಕರ ಹೊಟ್ಟೆಗೆ ಪೆಟ್ಟು ಬಿದ್ದಿತ್ತು. 2025ರ ಮೇ 1ರಿಂದ ಅಂಚೆ ಇಲಾಖೆಯ ಜ್ಞಾನ್ ಪೋಸ್ಟ್ ಬಂದಿದೆ: 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100, ತೆರಿಗೆ ಬೇರೆ. ಮೇಲೆ ಹೇಳಿದ 160 ಪುಟದ ಪುಸ್ತಕ 190 ಗ್ರಾಂ ಸುಮಾರು ತೂಗುತ್ತದೆ, ರಟ್ಟು ಸೇರಿದರೂ ಮೊದಲ ಹಂತದಲ್ಲೇ ನಿಲ್ಲುತ್ತದೆ. ಮುದ್ರಕರ ಅಥವಾ ಪ್ರಕಾಶಕರ ಹೆಸರು ಪುಸ್ತಕದಲ್ಲಿ ಅಚ್ಚಾಗಿರಲೇಬೇಕು. ಭೂಮಾರ್ಗದಲ್ಲೇ ಸಾಗುವುದರಿಂದ ನಿಧಾನ, ಆದರೆ ಟ್ರ್ಯಾಕಿಂಗ್ ಇದೆ. ನಾಲ್ಕು ಮೂಲೆಗೂ ರಟ್ಟು ಕೊಡಿ.

ಮುಂಗಡ ಬುಕಿಂಗ್ ಬಿಡುಗಡೆಗೆ ಮೂರು ವಾರ ಮೊದಲು ತೆರೆಯಲಿ. ಮುಖಪುಟ ಹಾಕಿ 'ನನ್ನ ಕನಸಿನ ಕೂಸು' ಎಂದು ಬರೆದರೆ ಶುಭಾಶಯ ಬರುತ್ತದೆ, ಆರ್ಡರು ಬರುವುದಿಲ್ಲ. ಒಳಗಿನ ಎರಡು ಪುಟ, ಬೆಲೆ, ಕ್ಯೂಆರ್ ಕೋಡ್, ಕಳಿಸುವ ತಾರೀಕು, ಈ ನಾಲ್ಕೂ ಒಂದೇ ಚಿತ್ರದಲ್ಲಿರಲಿ. ಪತ್ರಿಕೆಗಳ ಗೌರವಪ್ರತಿಯನ್ನು ಸಂಪಾದಕರ ಹೆಸರಿಗಿಂತ ಪುಸ್ತಕದ ಪುಟ ನೋಡಿಕೊಳ್ಳುವವರ ಹೆಸರಿಗೆ ಕಳಿಸುವುದು ಮೇಲು. ಬಿಡುಗಡೆಯ ದಿನ ಮಾರಾಟದ ಮೇಜು ಉಪ್ಪಿಟ್ಟಿನ ಕಡೆಗೆ ಹೋಗುವ ದಾರಿಯಲ್ಲಿರಬೇಕು, ಕೂರಲು ಲೇಖಕರ ಬಳಗದವರಲ್ಲದ ಒಬ್ಬರು ಬೇಕು. ಬಳಗದವರು ಕೂತರೆ ಅರ್ಧ ಪುಸ್ತಕ 'ಆಮೇಲೆ ಕೊಡ್ತೀನಿ'ಗೆ ಹೋಗುತ್ತದೆ.

ಅಂಗಡಿಗೆ ಕೊಟ್ಟದ್ದು ಮಾರಾಟವಾದ ಮೇಲೆ ದುಡ್ಡು, ಉಳಿದದ್ದು ವಾಪಸು ಎಂಬ ಲೆಕ್ಕದಲ್ಲಿ. ಚಲನ್‌ಗೆ ಸಹಿ ಹಾಕಿಸಿಕೊಂಡು ಐದೈದೇ ಪ್ರತಿ ಕೊಡಿ, ಮೂರು ತಿಂಗಳಿಗೊಮ್ಮೆ ವಿಚಾರಿಸಿ. ಮರುಮುದ್ರಣಕ್ಕೆ ಹಳೆಯ ಐಎಸ್‌ಬಿಎನ್ ಸಾಕು. ಹೊಸ ಅಧ್ಯಾಯ ಸೇರಿಸಿ ಪರಿಷ್ಕರಿಸಿದರೆ ಹೊಸದು ಪಡೆಯಬೇಕು.